ಹನುಮಾನ್ ಘಾಟಿನಲ್ಲಿ ನೀರಿಗೆ ಹೇಳಿದ ಕನಸುಗಳು

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಅದು ಮೊದಲೇ ಯಾರದೋ ಕನಸಿನಲ್ಲಿ ಉಕ್ಕಿ ಹೋಗಿರುತ್ತದೆ. ನೆಂಟರು ಬಂದರೆ "ನನಗ ನಿನ್ನೇನ ಗೊತ್ತಿತ್ತು" ಅನ್ನುತ್ತಾಳೆ ನಮ್ಮವ್ವ. ಬಾರದೆ ಹೋದರೆ "ಬರಂಗಿಲ್ಲ ಅಂತ ಗೊತ್ತಿತ್ತು" ಅನ್ನುತ್ತಾಳೆ ನನ್ನ ಹೆಂಡತಿ. ಇಂಥ ಅತ್ತೆ ಸೊಸೆಯರ ನಡುವೆ ಬದುಕುವ ಗಂಡಸಿಗೆ ಜಗತ್ತಿನಲ್ಲಿ ಏನು ನಡೆದರೂ ಹಳೆಯ ಸುದ್ದಿಯೇ.

ನಾನು ಬ್ಯಾಂಕಿನ ಗುಮಾಸ್ತ. ಗದಗಿನಿಂದ ಬನಾರಸಿಗೆ ವರ್ಗ ಮಾಡಿದಾಗ ಸ್ವಲ್ಪ ದಿನದ ಮಟ್ಟಿಗೆ ಎಂದಿದ್ದರು. ಆಮೇಲೆ ಮೇಲಿನವರು ನನ್ನನ್ನು ಮರೆತರು, ನಾನೂ ನೆನಪು ಮಾಡಿಕೊಡಲಿಲ್ಲ. ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಮನೆ ಸಿಕ್ಕಿತು. ಆಚೀಚೆ ತಮಿಳರು, ತೆಲುಗರು, ಅಲ್ಲೊಂದು ಇಲ್ಲೊಂದು ನಮ್ಮವರ ಮನೆ. ನಮ್ಮ ಕಡೆಯ ಮಠವೂ ನಡೆದು ಹೋಗುವಷ್ಟು ಹತ್ತಿರ. ಅಂಬೆಗಾಲಿಡುತ್ತಿದ್ದ ಮಗಳು ಇಲ್ಲಿಯೇ ಬೆಳೆದಳು, ಸಿಟ್ಟು ಬಂದರೆ ಹಿಂದಿಯಲ್ಲಿ, ಹಸಿವಾದರೆ ಕನ್ನಡದಲ್ಲಿ ಮಾತಾಡುವುದನ್ನು ಕಲಿತಳು. ಅವಳನ್ನು ಲಖನೌದ ರೈಲ್ವೆಯಲ್ಲಿರುವ ನಮ್ಮವರ ಹುಡುಗನಿಗೆ ಕೊಟ್ಟೆವು.

ಕನಸಿನ ವಿಷಯದಲ್ಲಿ ನಮ್ಮ ಮನೆಗೆ ಒಂದು ಕಾಯಿದೆ ಇದೆ. ಕೆಟ್ಟ ಕನಸು ಬಿದ್ದರೆ ಮನುಷ್ಯರಿಗೆ ಹೇಳುವ ಮೊದಲು ಹರಿಯುವ ನೀರಿಗೆ ಹೇಳಬೇಕು, ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ. ಒಳ್ಳೆಯ ಕನಸಾದರೆ ಮತ್ತೆ ಮಲಗಬಾರದು, ಎದ್ದು ಸಿಹಿ ಮಾಡಬೇಕು. ಸಿಹಿಯ ಮಾತು ನಮ್ಮವ್ವನೇ ಸೇರಿಸಿದ್ದು. ಊರಿನಲ್ಲಿದ್ದಾಗ ಹರಿಯುವ ನೀರು ಎಂದರೆ ಓಣಿಯ ನಳ, ಅದೂ ಮನಸ್ಸು ಬಂದಾಗ ಬರುವಂಥದ್ದು. ಆಗೆಲ್ಲ ಕೆಟ್ಟ ಕನಸುಗಳು ಕೊಡಗಳ ಜೊತೆ ಸಾಲು ಹಚ್ಚಿ ಕಾಯಬೇಕಿತ್ತು. ಇಲ್ಲಿ ಹಾಗಿಲ್ಲ, ಮೆಟ್ಟಿಲಿಳಿದರೆ ಸಾಕ್ಷಾತ್ ಗಂಗೆ.

ಹೋದ ಚಳಿಗಾಲ ಮಗಳು ಹೆರಿಗೆಗೆ ತವರಿಗೆ ಬಂದಳು. ಇದಕ್ಕೂ ಮೊದಲು ಒಮ್ಮೆ ಹೊಟ್ಟೆಯಲ್ಲಿ ನಿಂತದ್ದು ಉಳಿದಿರಲಿಲ್ಲ. ನಕ್ಕರೆ ಗಲ್ಲಿಯ ಆ ತುದಿಗೆ ಕೇಳುವ ಹುಡುಗಿ, ಆಮೇಲೆ ನಗುವುದನ್ನೇ ಬಿಟ್ಟಿದ್ದಳು. ಈ ಸಲವೂ ಹಾಗೆಯೇ ಆದರೆ ಎಂಬ ಒಂದು ಮಾತು ನಮ್ಮ ಮನೆಯ ಎಲ್ಲರ ಗಂಟಲಲ್ಲಿತ್ತು, ಯಾರೂ ಹೊರಗೆ ಬಿಡುವಂತಿರಲಿಲ್ಲ. ಹಗಲು ಹೊರಗೆ ಬಿಡದ ಮಾತು ನಿದ್ದೆ ಬಿದ್ದ ಕೂಡಲೇ ವೇಷ ಹಾಕಿಕೊಂಡು ಬರತೊಡಗಿತು. ಆ ಚಳಿಗಾಲ ನಮ್ಮ ಮನೆಯಲ್ಲಿ ಬಿದ್ದಷ್ಟು ಕನಸು ಇಡೀ ಕಾಶಿಯಲ್ಲಿ ಬಿದ್ದಿರಲಿಕ್ಕಿಲ್ಲ.

ನಾನು ಸತ್ತ ದಿನದ ಹುಗ್ಗಿ

ಮಗಳು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಎದ್ದರೆ ಮನೆ ತುಂಬ ಬೆಲ್ಲದ ವಾಸನೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಅವ್ವ ಗೋಧಿ ಹುಗ್ಗಿ ಮಾಡಿ ಇಳಿಸಿದ್ದಳು. ಲಿಂಗಪೂಜೆ ಮುಗಿದಿತ್ತು, ಹಣೆ ತುಂಬ ವಿಭೂತಿ, ಮುಖ ತುಂಬ ಕಳೆ.

"ಏನವ್ವ, ಏನ ವಿಶೇಷ?" ಎಂದೆ.

"ಮೊದಲ ಉಣ್ಣು. ಆಮ್ಯಾಲೆ ಹೇಳ್ತೀನಿ."

ತುಪ್ಪವನ್ನೂ ಕೈ ಬಿಚ್ಚಿ ಹಾಕಿದಳು. ನಾನು ಅರ್ಧ ತಾಟು ಮುಗಿಸಿದ ಮೇಲೆ ಎದುರು ಕುಳಿತು ಸಮಾಧಾನದಿಂದ ಹೇಳಿದಳು, "ನಸುಕಿನ್ಯಾಗ ಕನಸ ಬಿತ್ತು ತಮ್ಮಾ. ನೀ ಸತ್ತಿದ್ದಿ."

ತುತ್ತು ಅಲ್ಲಿಯೇ ನಿಂತಿತು.

"ಭಾಳ ಚಂದ ಕಾಣ್ತಿದ್ದಿ. ಹೂವಿನ ಹಾರ ಹಾಕಿ ಗ್ವಾಡಿಗೆ ಆನಿಸಿ ಕುಂದರಿಸಿದ್ರು. ಮಂದೀನೂ ಭಾಳ ಬಂದಿದ್ರು. ನಿಮ್ಮ ಮ್ಯಾನೇಜರ ಅಂತೂ ಬಿಕ್ಕಿ ಬಿಕ್ಕಿ ಅಳಾಕತ್ತಿದ್ದ."

ಮ್ಯಾನೇಜರ್ ಅತ್ತದ್ದನ್ನು ಕೇಳಿದ ಮೇಲೆ ಇದು ಬರಿಯ ಕನಸೇ ಎಂದು ನನಗೆ ಖಾತ್ರಿಯಾಯಿತು.

ಕನಸಿನಲ್ಲಿ ಸತ್ತವನ ಆಯಸ್ಸು ಗಟ್ಟಿ ಎಂಬುದು ನಮ್ಮ ಕಡೆಯ ನಂಬಿಕೆ. ಆ ವಾರ ನನಗೆ ಕೆಮ್ಮು ಹತ್ತಿತ್ತು. ಅವ್ವ ಪಕ್ಕದ ಕೋಣೆಯಲ್ಲಿ ಮಲಗಿ ನನ್ನ ಎದೆಯ ಸಪ್ಪಳವನ್ನೇ ಕೇಳುತ್ತಿದ್ದಳು. ಮಗನಿಗೆ ಏನಾದರೂ ಆದರೆ ಎಂಬ ಅಂಜಿಕೆಯನ್ನು ಕಣ್ಣಿಗೆ ಕಟ್ಟಿಕೊಂಡು ಮಲಗಿದವಳಿಗೆ ಇನ್ನೇನು ಕಾಣಬೇಕು? ಆದರೆ ಅಂಜಿಕೆಯಿಂದ ಹುಟ್ಟಿದ ಕನಸನ್ನು ಹುಗ್ಗಿ ಮಾಡಿ ಬಡಿಸುವ ಧೈರ್ಯ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಇರುವುದು.

ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಹೇಳಿದಳು, "ಅತ್ತಿ, ನಾಳೆ ನಸುಕಿನ್ಯಾಗ ನನ್ನ ಸಾಯಸ್ರಿ. ಒಂದಿನ ಅಡಗಿ ಮಾಡೂದು ತಪ್ಪಲಿ."

ಬರಾತಿನ ಬ್ಯಾಂಡು

ಸತ್ತ ಕನಸು ಒಳ್ಳೆಯದಾದರೆ, ಮದುವೆಯ ಕನಸು ಕೆಟ್ಟದ್ದು. ಕನಸಿನಲ್ಲಿ ಓಲಗ ಊದಿದರೆ ಮನೆಯಲ್ಲಿ ಏನೋ ಕೇಡು ಕಾದಿದೆ ಎಂದು ಲೆಕ್ಕ. ಈ ಲೆಕ್ಕವನ್ನು ಯಾರು ಹಾಕಿದರೋ ಗೊತ್ತಿಲ್ಲ, ಮದುವೆಯಾಗಿ ಅನುಭವ ಇದ್ದವರೇ ಇರಬೇಕು.

ಒಂದು ದಿನ ಸೂರ್ಯ ಇನ್ನೂ ಮಂಜಿನ ಹಿಂದೆ ಕೆಂಪಗೆ ತೂಕಡಿಸುತ್ತಿದ್ದ ಹೊತ್ತಿಗೆ ಹೆಂಡತಿ ಶಾಲು ಹೊದ್ದು ಹೊರಗಿನಿಂದ ಬಂದಳು. ಪಾದ ಒದ್ದೆ, ಕಣ್ಣೂ ಒದ್ದೆ. ಗಂಗೆಗೆ ಹೇಳಿ ಬಂದಾಗಿತ್ತು, ಆದ್ದರಿಂದ ಇನ್ನು ನನಗೆ ಹೇಳಲು ಅಡ್ಡಿಯಿರಲಿಲ್ಲ.

"ಮಗಳ ಮದುವಿ ಮತ್ತೊಮ್ಮೆ ನಡದಿತ್ರಿ. ಬ್ಯಾಂಡ ಬಾರಸಾಕತ್ತಿದ್ರು. ಎಲ್ಲಾರೂ ಬಂದಾರ, ಆಕಿನ ಇಲ್ಲ. ನಾ ಕೋಣಿ ಕೋಣಿ ಹುಡುಕಾಕತ್ತೀನಿ."

ನಾನು ಸಮಾಧಾನ ಮಾಡಲು ಹೋದೆ. "ಅಲ್ಲವ, ನಿನ್ನೆ ಸೋನಾರ್‌ಪುರದ ರಸ್ತಾದಾಗ ಮದುವಿ ಬರಾತ್ ಹೊಂಟಿತ್ತಲ್ಲ. ನಾವು ಊಟಕ್ಕ ಕುಂತಾಗಿಂದ ಮಲಗೂತನಾ ಬ್ಯಾಂಡು ಬಾರಿಸೇ ಬಾರಿಸಿದ್ರು. ಅದ ನಿನ್ನ ಕಿವ್ಯಾಗ ಉಳದೈತಿ. ಅದು ಖರೇ ಬ್ಯಾಂಡು, ಕನಸಲ್ಲ."

ಅವಳು ನನ್ನನ್ನು ನೋಡಿದಳು. "ಬ್ಯಾಂಡು ಖರೇ ಅಂತೀರಿ. ಮಗಳು ಸಿಗದ್ದು?"

ಅದೇ ಬ್ಯಾಂಡು ನಮ್ಮ ಮನೆಯ ಎಲ್ಲರ ಕಿವಿಗೂ ಬಿದ್ದಿತ್ತು. ನನ್ನ ಕಿವಿಯಲ್ಲಿ ಅದು ಬರಿಯ ಗದ್ದಲ. ಅವ್ವ ಅದರ ನಡುವೆಯೇ ಗೊರಕೆ ಹೊಡೆದಿದ್ದಳು. ಹೆಂಡತಿಯ ಕಿವಿಯಲ್ಲಿ ಮಾತ್ರ ಅದು ಒಳಗಿಳಿದು, ಅಲ್ಲಿ ಮೊದಲೇ ಕುಳಿತಿದ್ದ ಹೆದರಿಕೆಯ ಕೈ ಹಿಡಿದು ಮದುವೆಯಾಗಿತ್ತು. ತಾಯಿಯ ಅಂಜಿಕೆಗೆ ಬನಾರಸಿನ ಬ್ಯಾಂಡಿನವರು ಏನು ಮಾಡಿಯಾರು?

ಇಷ್ಟು ತಿಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರದೆ, "ಹೋಗಲಿ, ಆ ಕನಸಿನ ಮದುವ್ಯಾಗ ನಾ ಎಲ್ಲಿದ್ದೆ?" ಎಂದು ಕೇಳಿದೆ.

"ನೀವ? ಖರೇ ಮದುವ್ಯಾಗ ಎಲ್ಲಿದ್ರೋ ಅಲ್ಲೇ ಇದ್ರಿ. ಊಟದ ಪಂಕ್ತ್ಯಾಗ."

ಕಟ್ಟಿಸಿದ ಹಲ್ಲು

ಮಗಳಿಗೆ ದಿನ ಸಮೀಪಿಸಿದಂತೆ ಕನಸುಗಳೂ ಜೋರಾದವು. ಹಲ್ಲು ಉದುರಿದ ಹಾಗೆ ಕನಸು ಬಿದ್ದರೆ ರಕ್ತಸಂಬಂಧದಲ್ಲಿ ನಷ್ಟ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆ ಕನಸು ಬಿದ್ದದ್ದು ನಮ್ಮವ್ವನಿಗೆ. ತೊಡಕು ಏನೆಂದರೆ ಅವ್ವನ ಬಾಯಲ್ಲಿ ಹಲ್ಲೇ ಇಲ್ಲ. ಇರುವುದು ಕಟ್ಟಿಸಿದ ಸೆಟ್ಟು, ಅದನ್ನೂ ರಾತ್ರಿ ತೆಗೆದು ನೀರಿನ ಬಟ್ಟಲಲ್ಲಿ ಇಟ್ಟು ಮಲಗುತ್ತಾಳೆ.

"ಕನಸಿನ್ಯಾಗ ಉದುರಿದ್ದು ನಿನ್ನ ಹಲ್ಲೋ, ಕಟ್ಟಿಸಿದ್ದೋ?" ಎಂದು ನಾನು ವಿಚಾರಣೆ ಮಾಡಿದೆ.

"ಕಟ್ಟಿಸಿದ್ದ. ಒಮ್ಮೆಲೆ ಎಲ್ಲಾ ಬಿತ್ತು."

ಗಂಗೆಗೆ ಹೇಳಿ ಬಂದರೂ ಅವ್ವನಿಗೆ ಸಮಾಧಾನವಾಗಲಿಲ್ಲ. ಮಠಕ್ಕೆ ಹೊರಟಳು. ನಮ್ಮ ಕಡೆ ಸ್ವಾಮಿಗಳನ್ನು ಅಜ್ಜಾರು ಎನ್ನುತ್ತೇವೆ, ಅವರ ವಯಸ್ಸು ಎಷ್ಟೇ ಇರಲಿ. ಮಠದ ಅಜ್ಜಾರು ಸಣ್ಣ ವಯಸ್ಸಿನಲ್ಲಿಯೇ ಊರು ಬಿಟ್ಟು ಓದಲು ಕಾಶಿಗೆ ಬಂದವರು, ಇಲ್ಲಿಯೇ ಉಳಿದವರು. ಅಂಗಳದ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅವ್ವ ನಮಸ್ಕಾರ ಮಾಡಿ, ಕನಸು ಹೇಳಿ, ಕಣ್ಣೀರು ಹಾಕಿದಳು.

"ಅಜ್ಜಾರ, ಕಟ್ಟಿಸಿದ ಹಲ್ಲು ಉದುರಿದ್ರ ಯಾರಿಗೆ ಕೆಟ್ಟದ್ದ್ರಿ?"

ಅಜ್ಜಾರು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಕಟ್ಟಿದ ಡಾಕ್ಟರಿಗೆ" ಎಂದರು.

ಅವ್ವನಿಗೆ ಅಳುತ್ತಲೇ ನಗು ಬಂತು. ಅಜ್ಜಾರು ಮೆಲ್ಲಗೆ ಹೇಳಿದರು, "ಯವ್ವಾ, ಕನಸು ನಾಳಿನ ಸುದ್ದಿ ತರಂಗಿಲ್ಲ. ನಿಮ್ಮ ಎದಿಯೊಳಗಿನ ಸುದ್ದೀನ ತಿರುಗಿ ನಿಮಗ ಹೇಳತೈತಿ. ನನ್ನನ್ನ ನೋಡ್ರಿ. ಸನ್ಯಾಸಿ. ಮನಿ ಬಿಟ್ಟೆ, ಹೆಸರು ಬಿಟ್ಟೆ. ಇವತ್ತಿಗೂ ಚಳಿಗಾಲದಾಗ ನಮ್ಮವ್ವ ಕನಸಿನ್ಯಾಗ ಬರ್ತಾಳ. ಒಲಿ ಮುಂದ ಕುಂತು ಜ್ವಾಳದ ರೊಟ್ಟಿ ಬಡೀತಾಳ. 'ಕೈ ತೊಳಕೊಂಡ ಬಾ' ಅಂತಾಳ. ಕೈ ತೊಳಕೊಂಡ ಬರೂದ್ರಾಗ ಎಚ್ಚರ ಆಗತೈತಿ."

ಮಾಡಿನ ಮೇಲೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು ಎಂದು ಅವ್ವ ಹೇಳಿದಳು. ಮನೆಗೆ ಬಂದವಳೇ ಊರಿನಿಂದ ತರಿಸಿಟ್ಟ ಜೋಳದ ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು. ಮರುದಿನ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಠಕ್ಕೆ ಹೋಗಿ ಅಜ್ಜಾರ ಮುಂದೆ ಬಿಚ್ಚಿಟ್ಟು, "ಕೈ ತೊಳಕೊಂಡ ಬರ್ರಿ" ಎಂದಳು.

ಅಜ್ಜಾರ ಕಣ್ಣು ತುಂಬಿ ಬಂತಂತೆ. ಮೊದಲ ತುತ್ತು ಬಾಯಿಗಿಟ್ಟು, "ನೋಡ್ರಿ ಯವ್ವಾ, ಕನಸು ಖರೇ ಆಗಂಗಿಲ್ಲ ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ" ಎಂದರಂತೆ.

ಕಂಬಳಿಯೊಳಗಿನ ಕಿವಿ

ಇಷ್ಟೆಲ್ಲ ನೋಡಿ ನಗುತ್ತಿದ್ದವನು ನಾನು. ಅಸ್ಸಿ ಘಾಟಿನ ಚಹಾದ ಅಂಗಡಿಯಲ್ಲಿ ಕುಳಿತು ಗೆಳೆಯರಿಗೆ ಹಲ್ಲಿನ ಕಥೆ ಹೇಳಿ ನಗಿಸಿದ್ದೆ. ಗಂಗೆಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು, ನನಗೂ ಒಂದು ಕನಸು ಬಿತ್ತು.

ಬ್ಯಾಂಕಿನಲ್ಲಿ ನನ್ನ ಕೌಂಟರಿನ ಹಿಂದೆ ಕುಳಿತಿದ್ದೇನೆ. ಎದುರಿನ ಬೆಂಚಿನ ಮೇಲೆ ಮಗಳು ಟೋಕನ್ ಹಿಡಿದು ಕುಳಿತಿದ್ದಾಳೆ. ಒಬ್ಬೊಬ್ಬರನ್ನೇ ಕರೆಯುತ್ತಿದ್ದೇನೆ, ಎಲ್ಲರೂ ಬಂದು ಹೋಗುತ್ತಿದ್ದಾರೆ, ಅವಳ ನಂಬರು ಮಾತ್ರ ನನ್ನ ಬಾಯಿಗೆ ಬರುತ್ತಿಲ್ಲ. ಅವಳು ಏನೂ ಕೇಳುವುದಿಲ್ಲ, ನನ್ನನ್ನೇ ನೋಡುತ್ತಾಳೆ. ಹೊರಗೆ ಷಟರ್ ಇಳಿಯುವ ಸದ್ದು ಕೇಳುತ್ತಿದೆ.

ಎದ್ದಾಗ ಅಂಗಿ ಬೆವರಿನಿಂದ ತೊಯ್ದಿತ್ತು. ಹೆಂಡತಿ ಏಳುವ ಮೊದಲು ಮಫ್ಲರ್ ಸುತ್ತಿಕೊಂಡೆ. ಬಾಗಿಲಲ್ಲಿ ಅವ್ವ ಎದುರಾಗಿ, "ಎಲ್ಲಿಗೋ?" ಎಂದಳು. "ವಾಕಿಂಗ್" ಎಂದೆ. ಹುಟ್ಟಿದಾಗಿನಿಂದ ವಾಕಿಂಗ್ ಮಾಡದ ಮಗನನ್ನು ಅವಳು ಮೇಲಿನಿಂದ ಕೆಳಗೆ ನೋಡಿ ದಾರಿ ಬಿಟ್ಟಳು.

ಗಂಗೆ ಮಂಜಿನೊಳಗೆ ಮಲಗಿದ್ದಳು. ಆಚೆ ದಂಡೆ ಇಲ್ಲವೇ ಇಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಹಾಗಿರಲಿಲ್ಲ. ದೂರದಲ್ಲಿ ಯಾರದೋ ದೋಣಿಯ ಹುಟ್ಟು ಮಾತ್ರ ನೀರನ್ನು ತಟ್ಟುತ್ತಿತ್ತು. ನಾನಿನ್ನೂ ಎದ್ದಿದ್ದೇನೋ ಮಲಗಿದ್ದೇನೋ ಎಂದು ನನಗೇ ಅನುಮಾನ ಬಂತು. ಕೆಳಗಿನ ಮೆಟ್ಟಿಲಿನ ಹತ್ತಿರ ಒಂದು ದೋಣಿ ಕಟ್ಟಿತ್ತು, ಅದರಲ್ಲಿ ಕಂಬಳಿಯ ಗಂಟೊಂದು ಬಿದ್ದಿತ್ತು. ಸುತ್ತ ಯಾರೂ ಇಲ್ಲ ಎಂದುಕೊಂಡು ಕುಕ್ಕರುಗಾಲಲ್ಲಿ ಕುಳಿತು, ನೀರು ಮುಟ್ಟಿ, ಟೋಕನ್ನು, ಬೆಂಚು, ಷಟರು ಎಲ್ಲವನ್ನೂ ಹೇಳಿದೆ. "ತಾಯಿ, ಈ ಸಲ ನಮ್ಮ ಹುಡುಗಿ ನಂಬರ ಕರೀಬೇಕವ್ವ" ಎಂದೆ.

ಕಂಬಳಿಯ ಗಂಟು ಎದ್ದು ಕುಳಿತಿತು.

"ಬಾಬೂಜಿ, ಚಿಂತಾ ಮಾಡಬ್ಯಾಡ್ರಿ" ಎಂದಿತು ಕನ್ನಡದಲ್ಲಿ.

ನಾನು ನೀರಿಗೆ ಬೀಳುವುದೊಂದು ಬಾಕಿ. ಆ ಘಾಟಿನ ಮುದುಕ ದೋಣಿಯವ. ಅಜ್ಜನ ಕಾಲದಿಂದ ಅವರ ದೋಣಿಯಲ್ಲಿ ಕರ್ನಾಟಕದ ಯಾತ್ರಿಕರೇ ಕೂರುತ್ತಿದ್ದರಂತೆ, ಕನ್ನಡ ಅವನಿಗೆ ಹುಟ್ಟುಗೋಲಿನ ಜೊತೆಗೇ ಬಂದದ್ದು.

"ನಿಮಗ ಕನ್ನಡ ಬರ್ತೈತಿ?"

"ಕನ್ನಡ, ತಮಿಳು, ತೆಲುಗು, ಎಲ್ಲಾ ಥೋಡಾ ಥೋಡಾ. ಈ ಮೆಟ್ಟಿಲ ಮ್ಯಾಲೆ ಎಲ್ಲಾರೂ ಬರ್ತಾರ ಬಾಬೂಜಿ. ಎಲ್ಲಾ ಭಾಷಾದಾಗೂ ಹಲ್ಲು ಉದುರತಾವ."

ನನ್ನ ಮುಖ ನೋಡಿ ಅವನಿಗೆ ಕನಿಕರ ಬಂತು. "ನಿಮ್ಮ ಅಮ್ಮಾಜಿ ಹಲ್ಲು ಬಿಟ್ಟು ಹೋದ್ರು. ನಿಮ್ಮ ಬಹೂಜಿ ಬ್ಯಾಂಡು ಬಿಟ್ಟು ಹೋದ್ರು. ಇವತ್ತ ನೀವು ಬ್ಯಾಂಕ ತಂದೀರಿ. ಗಂಗಾ ಮೈಯ್ಯಾ ಎಲ್ಲಿ ಇಡಬೇಕು?"

ನಾನು ಎದ್ದು ಹೊರಡಬೇಕೆಂದಿದ್ದೆ. ಅವನೇ ಮುಂದುವರಿಸಿದ, "ಬಿಟಿಯಾನೂ ಬಂದಿತ್ತು."

"ಯಾರು, ನಮ್ಮ ಮಗಳು? ಈ ಮೆಟ್ಟಿಲು ಇಳದು?"

"ಮ್ಯಾಲಿನ ಮೆಟ್ಟಲಿಗೆ ಬಿಸಿಲಿನ್ಯಾಗ ಕುಂತಿತ್ತು. ನಾ ಬಾಜೂಕ ಮಲಗಿದ್ದೆ. ನಿದ್ದಿ ಹತ್ತೈತಿ ಅಂದ್ಕೊಂಡಿತ್ತು."

"ಏನ ಹೇಳಿದಳು?"

ದೋಣಿಯವ ಕಿವಿ ಮುಟ್ಟಿಕೊಂಡು ಅಡ್ಡಡ್ಡ ತಲೆಯಾಡಿಸಿದ. "ಅದು ಗಂಗಾ ಮೈಯ್ಯಾಗೆ ಹೇಳಿದ ಮಾತು. ನಾ ಹ್ಯಾಂಗ ಹೇಳಲಿ?"

"ಮತ್ತ ನಮ್ಮವೆಲ್ಲಾ ಹೇಳಿದೆಲ್ಲೋ ಮಾರಾಯಾ!"

"ಬಾಬೂಜಿ, ನಿಮ್ಮ ಮನೀದವರು ಹೇಳೋ ಜೋರಿಗೆ ಆಚೀ ದಂಡೀ ಮಂದೀಗೂ ಗೊತ್ತೈತಿ" ಎಂದು ಅವನು ಮತ್ತೆ ಕಂಬಳಿ ಎಳೆದುಕೊಂಡ.

ಯಾರಿಗೂ ಹೇಳದೆ ಬಂದ ದಿನ

ಮಗಳು ಗಂಗೆಗೆ ಏನು ಹೇಳಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳಿಗೂ ಕೆಟ್ಟ ಕನಸು ಬೀಳುತ್ತಿದೆ, ನಮ್ಮಿಂದ ಮುಚ್ಚಿಡುತ್ತಿದ್ದಾಳೆ ಎಂದು ಒಳಗೊಳಗೇ ಕೊರಗಿದೆ. ಅವಳು ನೀರು ಕೇಳಿದರೆ ಹಾಲು ತಂದುಕೊಟ್ಟೆ. ಹಾಲು ಕೇಳಿದರೆ ಡಾಕ್ಟರಿಗೆ ಫೋನ್ ಮಾಡಿದೆ.

ಹೀಗಿರುವಾಗ ಬನಾರಸಿನದೇ ಲಂಕಾ ಎಂಬ ಬಡಾವಣೆಯ ನರ್ಸಿಂಗ್ ಹೋಮಿನ ಡಾಕ್ಟರಮ್ಮ ನೋಡಿ, ಎಲ್ಲ ಸರಿಯಾಗಿದೆ, ಇನ್ನೂ ವಾರವಿದೆ, ನಿಶ್ಚಿಂತೆಯಿಂದ ಹೋಗಿ ಮಲಗಿ ಎಂದರು. ನಾವು ಅವರ ಮಾತನ್ನು ಪಾಲಿಸಿದೆವು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ, ಮೂವರೂ ಕಟ್ಟಿಗೆಯ ಹಾಗೆ ಬಿದ್ದೆವು. ಒಂದು ಕನಸಿಲ್ಲ, ಒಂದು ಕನವರಿಕೆಯಿಲ್ಲ. ಬೆಳಗಾದರೂ ಎಚ್ಚರವಿಲ್ಲ.

ಕಣ್ಣು ಬಿಟ್ಟರೆ ಮಗಳು ಒಂದು ಕೈಯಲ್ಲಿ ಸೊಂಟ, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಚೀಲ ಹಿಡಿದು ಮಂಚದ ಪಕ್ಕ ನಿಂತಿದ್ದಾಳೆ. "ಅಪ್ಪಾ, ಕಬ್ ಸೇ ಕರೀಲಿಕ್ಕೆ ಹತ್ತೀನಿ. ಈಗರ ಏಳ್ರಿ, ನಹೀಂ ತೋ ನಾ ಒಬ್ಬಾಕಿನ ಹೋಗಿ ಹಡದ ಬರ್ತೀನಿ."

ಆಮೇಲೆ ಮನೆಯಲ್ಲಿ ನಡೆದದ್ದನ್ನು ವರ್ಣಿಸುವುದು ಕಷ್ಟ. ಹೆಂಡತಿ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿಕೊಂಡಳು. ನಾನು ಕೊಡೆ ಹಿಡಿದುಕೊಂಡೆ, ಅದು ಯಾಕೆಂದು ಇಂದಿಗೂ ತಿಳಿದಿಲ್ಲ. ಅವ್ವನಿಗೆ ಮಾತ್ರ ಅವಮಾನವಾಗಿತ್ತು. "ಇಷ್ಟ ದೊಡ್ಡ ಸುದ್ದಿ. ಯಾರ ಕನಸಿನ್ಯಾಗೂ ಒಂದ ಮಾತ ಹೇಳದ ಬಂತಲ್ಲ!" ಎಂದು ಗೊಣಗುತ್ತಲೇ ಬಂದಳು. ಗಲ್ಲಿಯ ಬಾಯಿಗೆ ಟೋಟೋ ಸಿಕ್ಕಿತು. ಹನುಮಾನ್ ಘಾಟಿನಿಂದ ಲಂಕಾ ಮುಟ್ಟಲು ನಮ್ಮಂಥವರಿಗೆ ಬ್ಯಾಟರಿಯ ಗಾಡಿ ಸಾಕಾಗುತ್ತದೆ, ಆದರೆ ಆ ದಿನ ಹಾರಿ ಹೋಗುವ ಹಾಗಿದ್ದರೆ ಹಾರುತ್ತಿದ್ದೆ.

ನರ್ಸಿಂಗ್ ಹೋಮಿನ ಮೊಗಸಾಲೆಯಲ್ಲಿ ಮೂವರೂ ಬೆಂಚಿನ ಮೇಲೆ ಕುಳಿತೆವು. ಎದುರಿಗೆ ಮುಚ್ಚಿದ ಬಾಗಿಲು. ನನ್ನ ಕನಸಿನ ಬೆಂಚಿನ ಮೇಲೆ ಮಗಳು ಕುಳಿತಿದ್ದಳು, ಇಲ್ಲಿ ನಾವು ಕುಳಿತಿದ್ದೆವು. ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಹೆಂಡತಿ ನನ್ನ ಕೈ ಹಿಡಿದಿದ್ದಳು. ಮದುವೆಯಾದಾಗಿನಿಂದ ನಾಲ್ಕು ಜನರೆದುರು ಅವಳು ನನ್ನ ಕೈ ಹಿಡಿದದ್ದಿಲ್ಲ. ನನಗೆ ಬಹಳ ಹೆದರಿಕೆಯಾಗಿತ್ತು, ಅವಳಿಗೂ ಆಗಿತ್ತು, ಮೊದಲ ಸಲ ಅದನ್ನು ಎಚ್ಚರದಲ್ಲಿಯೇ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಅಷ್ಟರಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದ ಅವ್ವ ಧಡಕ್ಕನೆ ಎದ್ದಳು. "ಬಿತ್ತು, ಬಿತ್ತು!"

"ಏನ ಬಿತ್ತವ್ವ?"

"ಕನಸು!"

ಇಬ್ಬರೂ ಅವಳ ಕಾಲ ಹತ್ತಿರ ಕುಳಿತೆವು. ಪಕ್ಕದ ಬೆಂಚಿನ ಬಿಹಾರದ ಕಡೆಯ ಹೆಂಗಸರೂ ಭಾಷೆ ತಿಳಿಯದಿದ್ದರೂ ಹತ್ತಿರ ಸರಿದರು. "ಏನ ಕಂಡಿ? ಲಗೂನ ಹೇಳು."

ಅವ್ವ ಮೇಲೆ ನೋಡಿದಳು, ಕೆಳಗೆ ನೋಡಿದಳು. "ಭಾಳ ಚಲೋ ಕನಸು. ಎಲ್ಲಾ ಸ್ವಚ್ಛ ಕಂಡಿತ್ತು. ಏನ ಕಂಡಿತ್ತು ಅನ್ನೂದು ಮರತ ಹೋತು."

ಆಗಲೇ ಬಾಗಿಲು ತೆರೆಯಿತು. ನರ್ಸು ಬಿಳಿಯ ಬಟ್ಟೆಯ ಗಂಟೊಂದನ್ನು ತಂದು ನನ್ನ ಕೈಯಲ್ಲಿಟ್ಟಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಳು. ನಾನು ಬ್ಯಾಂಕಿನವನು, ಯಾವುದನ್ನೂ ಎರಡು ಸಲ ನೋಡದೆ ನಂಬುವುದಿಲ್ಲ. ಆ ದಿನ ಒಂದು ಸಲವೂ ನೋಡಲಾಗಲಿಲ್ಲ, ಕಣ್ಣು ಮಂಜಾಗಿತ್ತು.

ಅವ್ವ ಕೂಸಿನ ಮುಖ ನೋಡಿ ಹೇಳಿದಳು, "ಹಾಂ, ಈಗ ನೆನಪಾತು. ಇದನ್ನ ಕಂಡಿದ್ದೆ."

ನರಿ ಹೇಳಿದ್ದು

ಮೊದಲ ಪೇಡೆ ದೋಣಿಯವನಿಗೆ ಎಂದು ತೀರ್ಮಾನಿಸಿ ಘಾಟಿಗೆ ಹೋದೆ. ಬಿಸಿಲು ಬಂದಿತ್ತು, ಆಚೆ ದಂಡೆ ಕಾಣುತ್ತಿತ್ತು. ಅವನು ಪೇಡೆಯನ್ನು ಹಣೆಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

"ಈಗರ ಹೇಳಪಾ. ನಮ್ಮ ಹುಡುಗಿಗೆ ಏನ ಕನಸು ಬಿದ್ದಿತ್ತು?"

"ಬಿಟಿಯಾಗೆ ಕನಸು ಎಲ್ಲಿ ಬಿದ್ದಿತ್ತು ಬಾಬೂಜಿ? ಹಿಂದಿಯೊಳಗ ಹೇಳಿತು, 'ಮೈಯ್ಯಾ, ನನಗ ನಿದ್ದಿ ಚಲೋ ಬರ್ತೈತಿ. ನಮ್ಮ ಮನಿಯವರಿಗೆ ನಿದ್ದಿ ಕೊಡು. ಇವರ ಮಾರಿ ನೋಡಿದ್ರ ನನಗ ಅಂಜಿಕಿ ಬರ್ತೈತಿ' ಅಂತ."

ನಾನು ಸುಮ್ಮನೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವಳಿಗಾಗಿ ನಾವು ನಿದ್ದೆ ಕೆಡಿಸಿಕೊಂಡೆವು ಎಂದುಕೊಂಡಿದ್ದೆ, ಅವಳು ನಮ್ಮ ನಿದ್ದೆಯನ್ನು ಬೇಡಿಕೊಂಡು ಬಂದಿದ್ದಳು. ಗಂಗೆ ಅವಳ ಮಾತನ್ನು ಒಂದು ದಿನದ ಮಟ್ಟಿಗೆ ನಡೆಸಿಕೊಟ್ಟಳು. ಕೂಸು ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆಯಿಲ್ಲ, ಕನಸಂತೂ ದೂರವೇ ಉಳಿಯಿತು.

ಈಗ ನಮ್ಮ ಮನೆಯಲ್ಲಿ ಕನಸು ಕಾಣುವುದು ಕೂಸೊಂದೇ. ನಿದ್ದೆಯಲ್ಲಿಯೇ ನಗುತ್ತದೆ, ನಿದ್ದೆಯಲ್ಲಿಯೇ ಅಳುತ್ತದೆ. ಅದಕ್ಕೂ ಅವ್ವನ ಹತ್ತಿರ ವಿವರಣೆಯಿದೆ. "ಕೂಸಿನ ಕನಸಿನ್ಯಾಗ ನರಿ ಬರ್ತೈತಿ. 'ನಿಮ್ಮವ್ವ ಸತ್ಲು' ಅಂತೈತಿ. 'ಈಗರ ಹಾಲು ಕುಡದೀನಿ, ಸುಳ್ಳ ಹೇಳ್ತಿ' ಅಂತ ಕೂಸು ನಗತೈತಿ. 'ನಿಮ್ಮಪ್ಪ ಸತ್ತ' ಅಂದ್ರ, ಅಪ್ಪ ಎಲ್ಲೋ ದೂರ ಇರ್ತಾನ, ಅದಕ್ಕ ಗೊತ್ತಾಗಂಗಿಲ್ಲ, ಅಳತೈತಿ."

ಇದನ್ನು ಅವಳು ಹೇಳಿದ್ದು, ಹೆರಿಗೆಯಾದ ದಿನ ಬಂದು ಮತ್ತೆ ಡ್ಯೂಟಿಗೆ ಹೋಗಿದ್ದ ಅಳಿಯ ಫೋನಿನಲ್ಲಿ ಕೂಸಿನ ಮುಖ ನೋಡುತ್ತಿದ್ದಾಗ, ಅದು ಆಗಷ್ಟೇ ನಿದ್ದೆಯಲ್ಲಿ ಬಿಕ್ಕಳಿಸಿ ಅತ್ತಾಗ. ಅಳಿಯ ಇಂಜಿನಿಯರು, ಇಂಥದ್ದನ್ನೆಲ್ಲ ನಂಬುವವನಲ್ಲ. "ಹಾಂಗೇನಿಲ್ಲ ಅಜ್ಜಿ" ಎಂದು ನಕ್ಕು ಫೋನ್ ಇಟ್ಟ. ಮರುದಿನ ಮುಂಜಾನೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನ ಅಳಿಯಂದ್ರ, ಇದ್ದಕ್ಕಿದ್ದಂಗ?" ಎಂದೆ.

"ರಜಾ ಇತ್ತು ಮಾವಾರ" ಎಂದ. ಕೂಸಿನ ಹತ್ತಿರ ಹೋಗಿ ಮೊದಲು ತನ್ನ ಮುಖವನ್ನು ಅದಕ್ಕೆ ಎರಡೂ ಬದಿಯಿಂದ ತೋರಿಸಿದ.

ಆ ಬೆಳಿಗ್ಗೆ ಎಲ್ಲರೂ ಒಂದೇ ಕೋಣೆಯಲ್ಲಿದ್ದೆವು. ಕಿಟಕಿಯಿಂದ ಎಳೆ ಬಿಸಿಲು ಬಿದ್ದಿತ್ತು, ಕೆಳಗೆ ಗಲ್ಲಿಯಲ್ಲಿ ತರಕಾರಿಯವನು ಕೂಗುತ್ತಿದ್ದ. ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಎಲ್ಲರೂ ಅದರ ಮುಖವನ್ನೇ ನೋಡುತ್ತ ಅರೆನಿದ್ದೆಯಲ್ಲಿ ತೂಗುತ್ತಿದ್ದೆವು. ಇದ್ದಕ್ಕಿದ್ದಂತೆ ಕೂಸು ಕಣ್ಣು ಮುಚ್ಚಿಕೊಂಡೇ ಬಾಯಿ ಅಗಲಿಸಿ ನಕ್ಕಿತು.

"ನೋಡ್ರಿ, ನರಿ ಅವ್ವನ ಸುದ್ದಿ ಹೇಳ್ತು" ಎಂದಳು ನಮ್ಮವ್ವ.

"ನಹೀಂ ಅಜ್ಜಿ" ಎಂದಳು ಮಗಳು. ದಿಂಬಿಗೆ ಒರಗಿದ್ದವಳು ಎದ್ದು ಕುಳಿತಳು. "ಇಷ್ಟ ದೊಡ್ಡ ನಗು ಅದಕ್ಕಲ್ಲ. ನರಿ ಇವತ್ತ 'ನಿನ್ನ ಅಜ್ಜ ಸತ್ತ' ಅಂದೈತಿ."

ಅಜ್ಜ ಎಂದರೆ ನಾನೇ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಕೂಸಿನ ಮುಖ ಸೊಟ್ಟಗಾಯಿತು, ತುಟಿ ನಡುಗಿತು, ಮನೆ ಹಾರಿಹೋಗುವ ಹಾಗೆ ಅಳತೊಡಗಿತು. ಅಳಿಯ ಗಾಬರಿಯಿಂದ ಎದ್ದ. "ಈಗ ಏನಂದಿತು? ನಾ ಇಲ್ಲೇ ಅದೀನಲ್ಲ!"

"ಈಗೇನು? 'ಸುಳ್ಳ ಹೇಳಿದ್ದೆ, ನಿನ್ನ ಅಜ್ಜ ಇನ್ನೂ ಜೀವಂತ ಅದಾನ' ಅಂದೈತಿ" ಎಂದಳು ಮಗಳು.

ಹೇಳಿದವಳೇ ನಕ್ಕಳು. ಗಲ್ಲಿಯ ಆ ತುದಿಗೆ ಕೇಳುವ ಹಾಗೆ, ಹಳೆಯ ನಗು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅಳಿಯ ನಗಬಾರದೆಂದು ಗೋಡೆಯ ಕಡೆ ತಿರುಗಿದ, ಕೆಳಗೆ ತರಕಾರಿಯವನು ಕೂಗುವುದನ್ನು ನಿಲ್ಲಿಸಿ ಮೇಲೆ ನೋಡಿದ. ಕೂಸು ಅಳುತ್ತಲೇ ಇತ್ತು, ನಾನು ಅದನ್ನು ಎದೆಗೆ ಒತ್ತಿಕೊಂಡು ಅವಳ ನಗುವನ್ನೇ ಕೇಳುತ್ತಿದ್ದೆ. ಇಂಥ ನಗು ಕೇಳುವುದಾದರೆ ನರಿ ನನ್ನನ್ನು ದಿನಾಲೂ ಕೊಲ್ಲಲಿ ಅನ್ನಿಸಿತು.

ಅವ್ವ ಕಣ್ಣೊರೆಸಿಕೊಳ್ಳುತ್ತ ಎದ್ದು, "ಒಂದ ಚಳಿಗಾಲದಾಗ ಎರಡ ಸಲ ಸತ್ತ ನನ್ನ ಮಗ" ಎಂದು ಹೇಳಿ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬೆಲ್ಲ ಕುಟ್ಟುವ ಸಪ್ಪಳ ಕೇಳಿಸಿತು.